ಹಿತ್ತಲ ಸೊಪ್ಪು ಹಲ್ಲಿಗೆಷ್ಟು, ವಸಡಿಗೆಷ್ಟು?

ಪ್ರಶ್ನೆ: ನಾನು ಶಿರಾ ಕಡೆಯವಳು, ವಯಸ್ಸು 34. ಹಿತ್ತಲಲ್ಲಿ ತುಳಸಿ, ಪುದೀನ, ದೊಡ್ಡಪತ್ರೆ, ಸೀಬೆ ಮರ, ಬೇಲಿ ಪಕ್ಕ ಬೇವಿನ ಮರ ಎಲ್ಲ ಇದೆ. ನಮ್ಮ ಮಾವ ಇವತ್ತಿಗೂ ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜುವುದು, 78 ಆದರೂ ಹಲ್ಲು ಗಟ್ಟಿ. ನನಗೆ ಮಾತ್ರ ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತದೆ, ಬಾಯಿ ವಾಸನೆಯೂ ಇದೆ. 6 ವರ್ಷದ ಮಗನ ದವಡೆ ಹಲ್ಲು ಹುಳುಕಾಗಿದೆ. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ, ಅದಕ್ಕೆ ಫ್ಲೋರೈಡ್ ಪೇಸ್ಟ್ ಪೂರ್ತಿ ಬಿಟ್ಟು ಮನೆಯವರೆಲ್ಲ ಹಸಿ ಸೊಪ್ಪಿಗೇ ಬದಲಾಗೋಣ ಅಂದುಕೊಂಡಿದ್ದೇನೆ. ಸರಿನಾ? ತುಳಸಿ ಅಗಿದರೆ ಅದರ ಪಾದರಸ ಹಲ್ಲನ್ನು ತಿನ್ನುತ್ತೆ ಅಂತಾನೂ ಹೇಳ್ತಾರೆ, ನಿಜವಾ?

ಉತ್ತರ: ಪೇಸ್ಟ್ ಬಿಡಬೇಡಿ. ಸೊಪ್ಪನ್ನೂ ಬಿಡಬೇಡಿ. ಆದರೆ ಯಾವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಿಮ್ಮ ಒಂದು ಪ್ರಶ್ನೆಯೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ನಿಮ್ಮ ವಸಡು, ನಿಮ್ಮ ಬಾಯಿ ವಾಸನೆ, ಮಗನ ಹುಳುಕು, ಆಮೇಲೆ ನೀರು. ಹಸಿ ಸೊಪ್ಪು ಮೊದಲ ಎರಡಕ್ಕೆ ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ. ಹುಳುಕಿಗೆ ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ. ನೀರಿಗಂತೂ ಸೊಪ್ಪಿನ ಸಂಬಂಧವೇ ಇಲ್ಲ.

ಮೊದಲು ವಸಡು. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಬಿಳಿ-ಹಳದಿ ಬಣ್ಣದ ಮೆತ್ತನೆಯ ಪದರ ಕೂರುತ್ತದೆ. ನಾವು ಹಲ್ಲಿನ ಡಾಕ್ಟರುಗಳು ಅದನ್ನು ಪ್ಲಾಕ್ ಅನ್ನುತ್ತೇವೆ. ಉಗುರಿನಿಂದ ಕೆರೆದು ನೋಡಿ, ಮೊಸರಿನ ಕೆನೆ ಥರ ಬರುತ್ತದಲ್ಲ, ಅದೇ. ಅದು ಬರೀ ಊಟದ ಚೂರಲ್ಲ, ಜೀವಂತ ಬ್ಯಾಕ್ಟೀರಿಯಾಗಳು ಅಂಟು ಸುರಿಸಿಕೊಂಡು ಕಟ್ಟಿದ ಗೂಡು. ನೀರಿನ ತೊಟ್ಟಿಯ ಗೋಡೆಗೆ ಪಾಚಿ ಹಿಡಿದರೆ ಮೇಲಿಂದ ಔಷಧಿ ಸುರಿದರೆ ಹೋಗುತ್ತದಾ? ತೆಂಗಿನ ನಾರು ಹಿಡಿದು ಉಜ್ಜಲೇಬೇಕು ಅಲ್ವಾ. ಇದೂ ಹಾಗೇ. ತುಳಸಿ ರಸ, ಬೇವಿನ ರಸ, ಅಂಗಡಿಯ ಮೌತ್‌ವಾಶ್, ಯಾವುದೂ ದಪ್ಪಗೆ ಕೂತ ಪದರದ ಒಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಮೊದಲು ಉಜ್ಜಿ ಕದಡಬೇಕು, ಆಮೇಲೆ ರಸಕ್ಕೆ ಕೆಲಸ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಹಳೆಯ ಪ್ರಯೋಗ ಒಂದಿದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು, ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಔಷಧಿ ಇಲ್ಲ, ಸೊಪ್ಪಿಲ್ಲ, ಬರೀ ಉಜ್ಜುವುದು. ನಿಮ್ಮ ವಸಡಲ್ಲಿ ರಕ್ತ ಬರುವುದಕ್ಕೂ ಬಹುಶಃ ಇದೇ ಕಾರಣ. ಇದರಲ್ಲಿ ಒಂದು ಎಡವಟ್ಟಿದೆ. ರಕ್ತ ಕಂಡ ಕೂಡಲೇ ಜನ ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ, ಪದರ ಇನ್ನೂ ದಪ್ಪ ಆಗುತ್ತದೆ, ರಕ್ತ ಇನ್ನೂ ಜಾಸ್ತಿ ಆಗುತ್ತದೆ. ರಕ್ತ ಬರುವ ಜಾಗದಲ್ಲೇ ಮೆತ್ತನೆ ಬ್ರಷ್ ಇಟ್ಟು, ವಸಡಿನ ಕಡೆಗೆ ಸ್ವಲ್ಪ ಓರೆ ಹಿಡಿದು, ಸಣ್ಣ ಸಣ್ಣಗೆ ಆಡಿಸಿ. ಎರಡು ವಾರ ಬಿಡದೆ ಮಾಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಗೊತ್ತಾಗಲಿಲ್ಲ ಅಂದರೆ ಆ ಪದರ ಕಲ್ಲಿನ ಹಾಗೆ ಗಟ್ಟಿಯಾಗಿ ಕಿಟ್ಟ ಕಟ್ಟಿ ಕೂತಿದೆ ಅಂತ ಅರ್ಥ, ಆಗ ಅದನ್ನು ಕ್ಲೀನ್ ಮಾಡಿಸದೆ ಬೇರೆ ದಾರಿ ಇಲ್ಲ.

ಈಗ ಬೇವು. ನನಗೆ ಬೇವಿನ ಕಡ್ಡಿ ಮೇಲೆ ತುಂಬ ಗೌರವ ಇದೆ. ಆದರೆ ಜನ ಅದನ್ನು ಹೊಗಳುವ ಕಾರಣ ಬೇರೆ, ನನ್ನ ಕಾರಣ ಬೇರೆ. ಜನ ಕಹಿಯನ್ನು ಹೊಗಳುತ್ತಾರೆ. ಕಹಿಯಲ್ಲೂ ಗುಣ ಇದೆ, ಸುಳ್ಳಲ್ಲ. ಬೇವಿನ ನಿಂಬಿಡಿನ್‌ನಂಥ ಅಂಶಗಳಿಗೆ ಉರಿಯೂತ ಕಡಿಮೆ ಮಾಡುವ ಶಕ್ತಿ ಇದೆ, ತೊಗಟೆಯ ಟ್ಯಾನಿನ್ ಅನ್ನುವ ಒಗರು ಅಂಶ ವಸಡನ್ನು ಬಿಗಿ ಮಾಡುತ್ತದೆ, ಪ್ರಯೋಗಾಲಯದ ತಟ್ಟೆಯಲ್ಲಿ ಬೇವಿನ ಸಾರ ಬಾಯಿಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ನಮ್ಮ ದೇಶದ ದಂತ ಕಾಲೇಜುಗಳಲ್ಲಿ ಬೇವಿನ ಮೌತ್‌ವಾಶ್, ತುಳಸಿ ಮೌತ್‌ವಾಶ್‌ಗಳನ್ನು ಡಾಕ್ಟರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಜೊತೆ ಹೋಲಿಸಿ ನೋಡಿದ್ದಾರೆ, ಪ್ಲಾಕ್ ಮತ್ತು ವಸಡಿನ ರಕ್ತ ಕಡಿಮೆಯಾಗಿರುವುದೂ ನಿಜ. ಆದರೆ ಅಂಥವು ಹೆಚ್ಚಾಗಿ ಸಣ್ಣ ಸಣ್ಣ ಅಧ್ಯಯನಗಳು, ಕೆಲವು ವಾರ ನಡೆದಂಥವು, ಮತ್ತೆ ಅಲ್ಲಿ ಬಳಸಿದ್ದು ಅಳತೆ ಮಾಡಿ ತಯಾರಿಸಿದ ಸಾರ, ಮರದಿಂದ ಕಿತ್ತ ಎಲೆಯಲ್ಲ.

ನನ್ನ ಗೌರವ ಕಡ್ಡಿಯ ನಾರಿಗೆ. ಪೆನ್ಸಿಲ್ ದಪ್ಪದ ಎಳೆ ಕಡ್ಡಿ ಮುರಿದು, ತುದಿಯ ಒಂದು ಬೆರಳಗಲ ಸಿಪ್ಪೆ ತೆಗೆದು ನಿಧಾನ ಅಗಿಯುತ್ತಾ ಹೋದರೆ ನಾರು ಬಿಚ್ಚಿಕೊಂಡು ಕುಂಚ ಆಗುತ್ತದೆ. ಅಗಿಯುವಾಗ ಜೊಲ್ಲು ಸುರಿಯುತ್ತದೆ. ಸುಮ್ಮನೆ ಇದ್ದಾಗ ಬಾಯಲ್ಲಿ ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್ ಜೊಲ್ಲು ಬಂದರೆ, ಅಗಿಯುವಾಗ 1ರಿಂದ 2 ಮಿಲಿಲೀಟರಿಗೆ ಏರುತ್ತದೆ. ಬಾಯಿಯ ಹುಳಿಯನ್ನು ತೊಳೆಯುವುದೂ, ಹಲ್ಲಿಗೆ ಕ್ಯಾಲ್ಸಿಯಂ ವಾಪಸ್ ಕೊಡುವುದೂ ಈ ಜೊಲ್ಲೇ. ಮತ್ತೆ ಕಡ್ಡಿ ಹಿಡಿದವರು ಜಗಲಿ ಮೇಲೆ ಕೂತು, ಹೊಲದ ಕಡೆ ನಡೆದು, ಕಾಲು ಗಂಟೆ ಉಜ್ಜುತ್ತಾರೆ. ಬ್ರಷ್ ಹಿಡಿದವರು ಅರ್ಧ ನಿಮಿಷಕ್ಕೆ ಉಗಿದು ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 1987ರಲ್ಲಿ, ಕಡ್ಡಿಯ ರೂಢಿ ಇರುವ ಕಡೆ ಅದನ್ನು ಪ್ರೋತ್ಸಾಹಿಸಬಹುದು ಎಂದಿತ್ತು.

ಹಾಗಾದರೆ ಕಡ್ಡಿಯೇ ಸಾಕಲ್ಲ ಅಂತೀರಾ? ಕಡ್ಡಿಗೆ ಎರಡು ಕೊರತೆ. ಅದರ ನಾರು ನೇರಕ್ಕೆ ಇರುತ್ತದೆ, ಬ್ರಷ್ಷಿನ ಹಾಗೆ ಅಡ್ಡಕ್ಕಲ್ಲ. ಹಾಗಾಗಿ ಹಲ್ಲಿನ ಹೊರಮೈಗೆ ಚೆನ್ನಾಗಿ ಸಿಗುತ್ತದೆ, ಒಳಮೈಗೆ, ಅಂದರೆ ನಾಲಿಗೆ ಕಡೆಗೆ, ಸರಿಯಾಗಿ ಸಿಗುವುದಿಲ್ಲ. ಒಮ್ಮೆ ನಿಮ್ಮ ಮಾವನವರ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿ ಟಾರ್ಚ್ ಹಾಕಿ ನೋಡಿ. ಮುಂದಿನಿಂದ ಫಳಫಳ, ಹಿಂದೆ ಹಳದಿ ಕಲ್ಲು ಕಟ್ಟಿರುತ್ತದೆ, ಕಡ್ಡಿ ಬಳಸುವ ಹಿರಿಯರಲ್ಲಿ ನಾನು ನೋಡುವುದು ಹೆಚ್ಚಾಗಿ ಇದನ್ನೇ. ಎರಡನೆಯದು, ಬಲಿತ ಕಡ್ಡಿ ಹಿಡಿದು ಅಡ್ಡಡ್ಡ ತಿಕ್ಕಿದರೆ ವಸಡು ಕೆಳಗೆ ಸರಿದು, ಹಲ್ಲಿನ ಕುತ್ತಿಗೆಯಲ್ಲಿ ಕೊರಕಲು ಬೀಳುತ್ತದೆ. ಆಮೇಲೆ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಕಡ್ಡಿ ಬಳಸುವವರು ಎಳೆಯದನ್ನೇ ಆರಿಸಿ, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಎಳೆಯಿರಿ, ಬಳಸಿದ ತುದಿಯನ್ನು ದಿನಾ ಕತ್ತರಿಸಿ ಬಿಸಾಡಿ. ಹೆದ್ದಾರಿ ಪಕ್ಕದ ಮರದ ಕಡ್ಡಿ ಬೇಡ, ಅದರ ಮೇಲಿನ ಧೂಳು ನಿಮಗೇ ಗೊತ್ತು.

ಮಾವನವರ 78 ವರ್ಷದ ಗಟ್ಟಿ ಹಲ್ಲಿಗೆ ಬೇವು ಒಂದೇ ಕಾರಣ ಅಲ್ಲ. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಬಿಸ್ಕತ್ತಿನ ಡಬ್ಬ ಇತ್ತಾ? ಚಾಕಲೇಟು, ಜ್ಯೂಸ್ ಪ್ಯಾಕೆಟ್ ಇತ್ತಾ? ಸಿಹಿ ಅಂದರೆ ಹಬ್ಬಕ್ಕೆ. ಹುಳುಕಿಗೆ ಬೇಕಾದ ಕಚ್ಚಾವಸ್ತುವೇ ಬಾಯಿಗೆ ಬೀಳುತ್ತಿರಲಿಲ್ಲ. ಮತ್ತೆ ಅವರ ಓರಗೆಯವರಲ್ಲಿ ಬೇವಿನ ಕಡ್ಡಿಯಲ್ಲೇ ಉಜ್ಜಿ ಬಾಯಿ ಬೋಡಾದವರೂ ಇದ್ದಾರೆ, ಅವರನ್ನು ಯಾರೂ ಉದಾಹರಣೆ ಕೊಡುವುದಿಲ್ಲ. ನಮ್ಮ ಕಡೆ ಮುದ್ದೆ ನುಂಗುವುದಕ್ಕೆ ಹಲ್ಲು ಬೇಡವಲ್ಲ, ಹೋದದ್ದರ ಲೆಕ್ಕ ಇಡುವವರೂ ಇಲ್ಲ.

ತುಳಸಿ ವಿಷಯ. ಪಾದರಸದ ಕಥೆ ವಾಟ್ಸಾಪಿನಲ್ಲಿ ವರ್ಷಾನುಗಟ್ಟಲೆ ಸುತ್ತುತ್ತಿದೆ. ಪಾದರಸ ಒಂದು ಮೂಲಧಾತು, ಯಾವ ಗಿಡವೂ ಅದನ್ನು ತನ್ನೊಳಗೆ ತಯಾರಿಸಲಾರದು. ಮಣ್ಣಲ್ಲಿ ಇದ್ದರೆ ಮಾತ್ರ ಹೀರಬೇಕು, ಅದು ತುಳಸಿಗಷ್ಟೇ ಅಲ್ಲ, ಪಾಲಕ್ ಸೊಪ್ಪಿಗೂ ಅಷ್ಟೇ. ಇನ್ನೊಂದು ತಮಾಷೆ ನೋಡಿ. ನಾವು ದಶಕಗಳ ಕಾಲ ಹಲ್ಲಿಗೆ ತುಂಬಿದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇದೆಯಲ್ಲ, ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸವೇ. ಅದು ಇಟ್ಟ ಹಲ್ಲು ಕರಗಿ ಹೋಗಿಲ್ಲ. ಹಾಗಾಗಿ ದೇವರ ಮುಂದಿನ ತುಳಸಿ ಎಲೆ ಎರಡು ಅಗಿದರೆ ಹಲ್ಲಿಗೆ ಏನೂ ಆಗುವುದಿಲ್ಲ. ಅಗಿಯದೆ ನುಂಗಬೇಕು ಅನ್ನುವುದು ನಿಮ್ಮ ಮನೆಯ ಭಕ್ತಿಯ ಪದ್ಧತಿ ಆಗಿದ್ದರೆ ಹಾಗೇ ಮಾಡಿ, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ತುಳಸಿಯಲ್ಲಿ ಯುಜಿನಾಲ್ ಇದೆ. ಲವಂಗದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದೂ ಅದೇ, ಶೇಕಡ 70ರಿಂದ 90ರವರೆಗೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ಆ ವಾಸನೆ ಇದೆಯಲ್ಲ, ಅದು ಜಿಂಕ್ ಆಕ್ಸೈಡ್ ಪುಡಿಗೆ ಯುಜಿನಾಲ್ ಕಲಸಿ ಮಾಡುವ ತಾತ್ಕಾಲಿಕ ಸಿಮೆಂಟಿನದು. ನೋವನ್ನು ಮರಗಟ್ಟಿಸುತ್ತದೆ, ಬ್ಯಾಕ್ಟೀರಿಯಾಕ್ಕೂ ಆಗದು. ಆದರೆ ತುಳಸಿ ಎಲೆಯಲ್ಲಿ ಅದರ ಪ್ರಮಾಣ ತೀರಾ ಕಡಿಮೆ, ಗಿಡದಿಂದ ಗಿಡಕ್ಕೆ ಬೇರೆ ಬೇರೆ. ಹಾಗಾಗಿ ತುಳಸಿ ಅಗಿದರೆ ಬಾಯಿಗೆ ಹಿತ, ವಸಡಿಗೆ ಒಂದಿಷ್ಟು ಒಳ್ಳೆಯದು, ಅಷ್ಟೇ. ತುಳಸಿ ಕಷಾಯಕ್ಕೆ ಎರಡು ಚಮಚ ಬೆಲ್ಲ ಹಾಕಿ ಮಲಗುವ ಮುಂಚೆ ಮಗನಿಗೆ ಕುಡಿಸಿದರೆ ಮಾತ್ರ ತುಳಸಿಯ ಒಳ್ಳೆಯದೂ ಹೋಯಿತು, ಹಲ್ಲೂ ಹೋಯಿತು.

ದೊಡ್ಡಪತ್ರೆ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಬೇಜಾರು. ಹಿತ್ತಲ ಸೊಪ್ಪುಗಳಲ್ಲಿ ಬಾಯಿಗೆ ಅಂತ ನಾನು ಒಂದನ್ನು ಆರಿಸುವುದಾದರೆ ಅದೇ. ಅದರ ದಪ್ಪ ಎಲೆ ಜಜ್ಜಿದರೆ ಓಮದ ವಾಸನೆ ಬರುತ್ತದಲ್ಲ, ಕಾರ್ವಕ್ರಾಲ್ ಮತ್ತು ಥೈಮಾಲ್ ಅನ್ನುವ ಎಣ್ಣೆಯ ಅಂಶಗಳಿಂದ. ಇದೇ ಥೈಮಾಲ್, 1879ರಿಂದ ಇರುವ ಲಿಸ್ಟರಿನ್ ಮೌತ್‌ವಾಶ್‌ನ ನಾಲ್ಕು ಮುಖ್ಯ ಅಂಶಗಳಲ್ಲಿ ಒಂದು. ಅಲ್ಲಿ ಅದು ಇರುವುದು ಶೇಕಡ 0.064 ಮಾತ್ರ. ಅಷ್ಟು ಕಡಿಮೆ ಸಾಕಾಗುವುದು ಯಾಕೆಂದರೆ ಜೊತೆಗೆ ಇನ್ನೂ ಮೂರು ಎಣ್ಣೆಗಳಿವೆ, ಚೆನ್ನಾಗಿ ಕರಗಿಸಿದ್ದಾರೆ, ಅರ್ಧ ನಿಮಿಷ ಬಾಯಲ್ಲಿ ಮುಕ್ಕಳಿಸಿ ಹಲ್ಲುಸಂದಿಗೆಲ್ಲ ಓಡಾಡಿಸುತ್ತೀರಿ. ಎಲೆ ಅಗಿದಾಗ ಆ ಎಣ್ಣೆ ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇದ್ದು ಜೊಲ್ಲಿನ ಜೊತೆ ಇಳಿದುಹೋಗುತ್ತದೆ. ಊಟ ಆದ ಮೇಲೆ ಒಂದು ಎಲೆ ತೊಳೆದು ನಿಧಾನ ಅಗಿಯಿರಿ. ನಾಲಿಗೆ ಸ್ವಲ್ಪ ಚುರುಗುಟ್ಟುತ್ತದೆ, ಬಾಯಿ ಹಗುರ ಅನ್ನಿಸುತ್ತದೆ. ತಂಬುಳಿಯನ್ನೂ ಮಾಡಿ, ಅದು ಹಲ್ಲಿಗಲ್ಲ, ರುಚಿಗೆ.

ಪುದೀನ ಬೇರೆ ಥರ. ಅದು ಬಾಯಿ ಸ್ವಚ್ಛ ಆಯಿತು ಅನ್ನುವ ಭಾವನೆ ಕೊಡುತ್ತದೆ. ಪೇಸ್ಟಿನ ಮೆಂಥಾಲ್ ಬಾಯಿಯ ತಂಪು ಗ್ರಹಿಸುವ ನರಗಳನ್ನು ಕೆಣಕುತ್ತದೆ, ಬಾಯಿ ತಣ್ಣಗಾಗಿರುವುದಿಲ್ಲ, ತಣ್ಣಗಾದ ಹಾಗೆ ಅನ್ನಿಸುತ್ತದೆ. ಜನ ಆ ತಂಪನ್ನೇ ಸ್ವಚ್ಛ ಅಂದುಕೊಂಡು ಬ್ರಷ್ ಬೇಗ ಮುಗಿಸುತ್ತಾರೆ. ನಮ್ಮ ಸಂತೆಯಲ್ಲಿ ಸಿಗುವ ಪುದೀನದಲ್ಲಿ ಮೆಂಥಾಲ್ ಕಡಿಮೆ, ಕಾರ್ವೋನ್ ಅನ್ನುವ ಬೇರೆ ಪರಿಮಳ ಜಾಸ್ತಿ. ಆದರೆ ಹಸಿ ಪುದೀನಕ್ಕೆ ಒಂದು ನಿಜವಾದ ಗುಣ ಇದೆ, ಬೆಳ್ಳುಳ್ಳಿ ವಾಸನೆ ಓಡಿಸುವುದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2016ರಲ್ಲಿ, ಹಸಿ ಬೆಳ್ಳುಳ್ಳಿ ತಿಂದವರಿಗೆ ಹಸಿ ಸೇಬು, ಹಸಿ ಲೆಟ್ಯೂಸ್, ಪುದೀನ ಎಲೆ ಎಲ್ಲ ಕೊಟ್ಟು ಉಸಿರು ಅಳೆದರು. ಸೇಬು ಮತ್ತು ಲೆಟ್ಯೂಸ್ ತಿಂದವರಲ್ಲಿ ಮೊದಲ ಅರ್ಧ ಗಂಟೆ ಗಂಧಕದ ವಾಸನೆ ಅರ್ಧಕ್ಕೆ ಇಳಿಯಿತು, ಪುದೀನ ಅವೆರಡಕ್ಕಿಂತಲೂ ಮುಂದೆ ಇತ್ತು. ಹಸಿ ಎಲೆಯ ಕಿಣ್ವ ಮತ್ತು ಪಾಲಿಫಿನಾಲ್‌ಗಳು ಬೆಳ್ಳುಳ್ಳಿಯ ಗಂಧಕದ ಜೊತೆ ಸೇರಿ ಅದನ್ನು ಕಟ್ಟಿಹಾಕುತ್ತವೆ. ಬೇಯಿಸಿದರೆ ಕಿಣ್ವ ಸತ್ತುಹೋಗುತ್ತದೆ, ಹಾಗಾಗಿ ಈ ಕೆಲಸಕ್ಕೆ ಹಸಿಯದೇ ಬೇಕು. ಬೆಳ್ಳುಳ್ಳಿ ಚಟ್ನಿ ತಿಂದು ಮೀಟಿಂಗಿಗೆ ಹೋಗುವವರು ನಾಲ್ಕೈದು ಪುದೀನ ಎಲೆ ಅಗಿದು ಹೋಗಲಿ.

ಆದರೆ ನಿಮ್ಮ ವಾಸನೆ ಬೆಳ್ಳುಳ್ಳಿಯದಲ್ಲ. ದಿನಾ ಬರುವ ಬಾಯಿ ವಾಸನೆಯಲ್ಲಿ ಬಹುಪಾಲು ಹುಟ್ಟುವುದು ಬಾಯಲ್ಲೇ, ಹೊಟ್ಟೆಯಲ್ಲಲ್ಲ. ನಾಲಿಗೆಯ ಹಿಂದಿನ ಮೂರನೇ ಒಂದು ಭಾಗ ಮತ್ತು ರಕ್ತ ಬರುವ ವಸಡಿನ ಸಂದಿ, ಇವೆರಡು ಜಾಗ. ರಾತ್ರಿ ಜೊಲ್ಲು ಕಡಿಮೆ ಆದಾಗ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಸಿ ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲ ಬಿಡುತ್ತವೆ. ನಮ್ಮ ಹಿರಿಯರ ನಾಲಿಗೆ ಹೆರೆಯುವ ತಾಮ್ರದ ಪಟ್ಟಿ ಇದಕ್ಕೆ ಯಾವ ಸೊಪ್ಪಿಗಿಂತಲೂ ದೊಡ್ಡ ಔಷಧಿ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಎರಡು ಮೂರು ಸಲ ಎಳೆದರೆ ಸಾಕು. ಓಕರಿಕೆ ಬರುವಷ್ಟು ಹಿಂದೆ ಹೋಗಿ ಬೆಳಿಗ್ಗೆ ಬೆಳಿಗ್ಗೆ ಬೀದಿಗೆಲ್ಲ ಕೇಳಿಸುವುದು ಬೇಡ.

ವಸಡಿಗೆ ನಾನು ಮನೆಯಲ್ಲೇ ಮಾಡಿಕೊಳ್ಳಿ ಅಂತ ಧೈರ್ಯವಾಗಿ ಹೇಳುವ ಸೊಪ್ಪಿನ ಮದ್ದು ಸೀಬೆ ಎಲೆ. ಐದಾರು ಚಿಗುರು ಎಲೆ ತೊಳೆದು, ಒಂದೂವರೆ ಲೋಟ ನೀರಲ್ಲಿ ಹಾಕಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಬಾಯಿಗೆ ಹಾಕಿದರೆ ಬಲಿಯದ ಬಾಳೆಕಾಯಿ ಕಚ್ಚಿದಾಗಿನ ಒಗರು. ಆ ಒಗರು ಟ್ಯಾನಿನ್‌ನದು, ಊದಿದ ವಸಡನ್ನು ಸ್ವಲ್ಪ ಬಿಗಿ ಮಾಡುತ್ತದೆ. ಜೊತೆಗೆ ಕ್ವೆರ್ಸೆಟಿನ್ ಥರದ ಅಂಶಗಳು ಉರಿ ತಗ್ಗಿಸುತ್ತವೆ. ತಣ್ಣಗಾದ ಮೇಲೆ ಚಿಟಿಕೆ ಉಪ್ಪು ಹಾಕಿ, ಬ್ರಷ್ ಮಾಡಿದ ಸ್ವಲ್ಪ ಹೊತ್ತಿಗೆ ಅರ್ಧ ನಿಮಿಷ ಮುಕ್ಕಳಿಸಿ ಉಗಿಯಿರಿ, ದಿನಕ್ಕೆ ಎರಡು ಸಲ. ದಿನಾ ಹೊಸದು ಮಾಡಿ, ಫ್ರಿಜ್ಜಲ್ಲಿ ವಾರಗಟ್ಟಲೆ ಇಡಬೇಡಿ. ಒಂದೆರಡು ವಾರಕ್ಕೆ ನಿಲ್ಲಿಸಿ, ಯಾಕೆಂದರೆ ತಿಂಗಳುಗಟ್ಟಲೆ ಮಾಡಿದರೆ ಚಹಾ ಕಲೆಯ ಹಾಗೆ ಹಲ್ಲು ಕಂದುತ್ತದೆ. ಇದರಿಂದ ರಕ್ತ ನಿಂತಿತು ಅಂತ ಬ್ರಷ್ ಬಿಡುವವರೂ ಇದ್ದಾರೆ, ಅವರಿಗೆ ನಾನೇನು ಹೇಳಲಿ.

ಕೊತ್ತಂಬರಿ, ಕರಿಬೇವು, ಒಂದೆಲಗ, ನುಗ್ಗೆ, ಇವೆಲ್ಲ ಹೊಟ್ಟೆಯ ಮೂಲಕ ವಸಡಿಗೆ ಬರುವಂಥವು. ವಸಡು ಗಟ್ಟಿಯಿರಲು ವಿಟಮಿನ್ ಸಿ ಬೇಕು. ದೊಡ್ಡವರಾದ ಹೆಂಗಸರಿಗೆ ನಮ್ಮ ದೇಶದ ಲೆಕ್ಕದಲ್ಲಿ ದಿನಕ್ಕೆ 65 ಮಿಲಿಗ್ರಾಂ. ನಿಮ್ಮ ಸೀಬೆ ಮರದ ಒಂದು ಹದವಾದ ಹಣ್ಣೇ ಅದನ್ನು ದಾಟಿಸಿಬಿಡುತ್ತದೆ, 100 ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಂ ಮೇಲೆ ಇರುತ್ತದೆ. ಸೊಪ್ಪನ್ನು ಬೇಯಿಸಿ ನೀರು ಬಸಿದರೆ ವಿಟಮಿನ್ ಸಿ ಬಹುಪಾಲು ಹೋಗುತ್ತದೆ, ಹಸಿ ಚಟ್ನಿ, ಕೋಸಂಬರಿಗೆ ಹಾಕಿದರೆ ಉಳಿಯುತ್ತದೆ. ಪಾಲಕ್ ತಿಂದಾಗ ಹಲ್ಲು ಒರಟೊರಟು ಅನ್ನಿಸುವುದು ಅದರ ಆಕ್ಸಲೇಟ್ ಹರಳಿನಿಂದ, ಹಲ್ಲು ಸವೆಯುತ್ತಿಲ್ಲ, ಹೆದರಬೇಡಿ.

ಇನ್ನು ಮಗನ ಹುಳುಕು. ಇಲ್ಲಿ ದಯವಿಟ್ಟು ಸೊಪ್ಪಿನ ಆಸೆ ಬಿಡಿ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿ ಬಿಡುತ್ತದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಮೇಲಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ಕಥೆ ಮೊದಲಿಂದ. ಅದಕ್ಕೇ ಎಷ್ಟು ಸಿಹಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನುವುದು ಮುಖ್ಯ. ಒಬ್ಬಟ್ಟು ಊಟದ ಜೊತೆ ಎರಡು ತಿನ್ನಲಿ, ಪರವಾಗಿಲ್ಲ. ಸಂಜೆಯೆಲ್ಲ ಚೂರು ಚೂರು ತಿನ್ನುತ್ತಾ ಇರುವುದು ಬೇಡ. ಆಗಲೇ ಕುಳಿ ಬಿದ್ದ ಹಲ್ಲನ್ನು ಬೇವೂ ತುಂಬುವುದಿಲ್ಲ, ಅರಿಶಿನವೂ ತುಂಬುವುದಿಲ್ಲ, ತುಂಬಿಸಲೇಬೇಕು. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಬಿಡಬೇಡಿ. ದವಡೆಯ ಹಾಲುಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ. ಅಲ್ಲಿಯವರೆಗೆ ಅದು ಜಾಗ ಕಾಯಬೇಕು. ಇನ್ನೊಂದು ವಿಷಯ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವುದೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ತಂದೆತಾಯಿ ಅದನ್ನೂ ಹಾಲುಹಲ್ಲು ಅಂದುಕೊಂಡು ಕೈಬಿಡುತ್ತಾರೆ. ಹುಳುಕಾಗಿರುವುದು ಯಾವುದು ಅಂತ ಈ ವಾರವೇ ತೋರಿಸಿ.

ಫ್ಲೋರೈಡ್ ಬಗ್ಗೆ ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಪಾವಗಡ, ಶಿರಾ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ, ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೆ. ಆದರೆ ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5. ನಿಮ್ಮ ನೀರಲ್ಲಿ 2 ಇದೆ ಅಂತಿಟ್ಟುಕೊಳ್ಳಿ. ಮಗ ದಿನಕ್ಕೆ ಒಂದು ಲೀಟರ್ ಕುಡಿದರೆ 2 ಮಿಲಿಗ್ರಾಂ ಪೂರ್ತಿ ಹೊಟ್ಟೆಗೆ, ಅದೇ ನೀರಲ್ಲಿ ಬೇಯಿಸಿದ ಅನ್ನ ಸಾರಿನದು ಬೇರೆ. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡಿಗೆ ಮಿತಿ 1000 ಪಿಪಿಎಂ, ಅಂದರೆ ಗ್ರಾಂಗೆ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದರೆ ಕಾಲು ಗ್ರಾಂ, ಅದರಲ್ಲಿ ಕಾಲು ಮಿಲಿಗ್ರಾಂ, ಅದನ್ನೂ ಉಗಿಯುತ್ತಾನೆ. ತೊಂದರೆ ಎಲ್ಲಿಂದ ಬರುತ್ತಿದೆ ಅಂತ ಈಗ ನೋಡಿ. ಪೇಸ್ಟ್ ಬಿಟ್ಟು ಅದೇ ನೀರು ಕುಡಿಯುತ್ತಾ ಇದ್ದರೆ ಏನೂ ಗೆದ್ದಂತಾಗಲಿಲ್ಲ, ಹುಳುಕನ್ನು ತಡೆಯುವ ಒಂದು ಗುರಾಣಿ ಕಳೆದುಕೊಂಡಿರಿ. ಹಲ್ಲಿನ ಮೇಲ್ಮೈಗೆ ತಾಗುವ ಫ್ಲೋರೈಡ್ ಕವಚವನ್ನು ಹುಳಿಗೆ ಬಗ್ಗದಂತೆ ಗಟ್ಟಿ ಮಾಡುತ್ತದೆ. ಹೊಟ್ಟೆಗೆ ಜಾಸ್ತಿ ಹೋದದ್ದು, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಕಲೆ ಮಾಡುತ್ತದೆ. ಎರಡೂ ಬೇರೆ ಬೇರೆ. ನೀರನ್ನು ಪರೀಕ್ಷೆ ಮಾಡಿಸಿ, ಜಾಸ್ತಿ ಇದ್ದರೆ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೋ ಮಳೆನೀರನ್ನೋ ಕುಡಿಯಲು, ಅಡುಗೆಗೆ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಮಗ ಉಗಿಯುವವರೆಗೆ ಪಕ್ಕದಲ್ಲಿ ನೀವು ನಿಂತಿರಿ. ಮನೆಯಲ್ಲಿ 3 ವರ್ಷದೊಳಗಿನ ಮಗು ಇದ್ದರೆ ಅಕ್ಕಿ ಕಾಳಿನಷ್ಟು ಸವರಿದರೆ ಸಾಕು. ಗಿಡಮೂಲಿಕೆ ಪೇಸ್ಟ್ ಅಂತ ಹಸಿರು ಎಲೆಯ ಚಿತ್ರ ಹಾಕಿರುವ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ, ಪೊಟ್ಟಣದ ಹಿಂದೆ ಓದಿ.

ಕೊನೆಗೆ, ಗಿಡದ ಹೆಸರಲ್ಲಿ ಮಾಡಬಾರದ ಕೆಲವು. ಎಕ್ಕದ ಹಾಲನ್ನು ನೋವಿನ ಹಲ್ಲಿಗೆ ಬಿಡುವುದು. ಅದು ವಸಡನ್ನೂ ಕೆನ್ನೆಯ ಒಳಪದರವನ್ನೂ ಸುಡುತ್ತದೆ, ಕೈಯಿಂದ ಕಣ್ಣಿಗೆ ತಾಗಿದರೆ ದೃಷ್ಟಿಗೇ ಕುತ್ತು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಒಂದು ಹನಿ ಕುಳಿಯೊಳಗೆ ಇಟ್ಟರೆ ಡಾಕ್ಟರ ಹತ್ತಿರ ಹೋಗುವವರೆಗೆ ನೋವು ತಗ್ಗುತ್ತದೆ, ವಸಡಿಗೆ ಸುರಿದರೆ ಸುಟ್ಟ ಗಾಯ. ಚಿಕ್ಕ ಮಕ್ಕಳು ಆ ಬಾಟಲಿ ಕುಡಿದು ಲಿವರ್ ಕೆಟ್ಟ ಪ್ರಕರಣಗಳಿವೆ, ಎತ್ತರದಲ್ಲಿಡಿ. ಕರಾವಳಿ ಕಡೆ ಮಾವಿನ ಎಲೆಯಲ್ಲಿ ಹಲ್ಲುಜ್ಜುವವರು ತೊಟ್ಟು ಮುರಿದಾಗ ಬರುವ ಸೊನೆ ತುಟಿಗೆ ತಾಗದ ಹಾಗೆ ನೋಡಿಕೊಳ್ಳಿ. ವೀಳ್ಯದೆಲೆ ಒಂಟಿಯಾಗಿ ಒಳ್ಳೆಯದೇ, ಆದರೆ ಅದು ಒಂಟಿಯಾಗಿ ಬಾಯಿಗೆ ಹೋಗುವುದು ಎಷ್ಟು ಸಲ ಹೇಳಿ? ಅದರ ಜೊತೆಗಾರ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ನಮ್ಮ ಮಲೆನಾಡಿನವರಿಗೆ ಇದು ಹಿಡಿಸುವುದಿಲ್ಲ, ಗೊತ್ತು. ನಶ್ಯ, ಕಡ್ಡಿಪುಡಿ ಹಾಕಿ ವಸಡು ತಿಕ್ಕುವ ಅಜ್ಜಿಯರು ಇನ್ನೂ ಇದ್ದಾರೆ. ಅದು ಹೊಗೆಸೊಪ್ಪು. ನೋವು ಮರೆಸುತ್ತದೆ, ರೋಗ ಬೆಳೆಸುತ್ತದೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕಬಾರದು ಅಂತ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಜಾತ್ರೆಗಳಲ್ಲಿ ನೆಲಗುಳ್ಳದ ಬೀಜ ಸುಟ್ಟು ಅದರ ಹೊಗೆ ಬಾಯಿಗೆ ಬಿಟ್ಟು, ಹಲ್ಲಿನ ಹುಳು ಉದುರಿತು ನೋಡಿ ಅಂತ ಬಟ್ಟಲ ನೀರಲ್ಲಿ ತೋರಿಸುತ್ತಾರಲ್ಲ, ಆ ಬಿಳಿ ಎಳೆಗಳು ಬೀಜದ ಒಳಗಿನ ಮೊಳಕೆ. ಬಿಸಿಗೆ ಬೀಜ ಒಡೆದು ಸುರುಳಿ ಬಿಚ್ಚಿಕೊಂಡು ಹೊರಬರುತ್ತವೆ, ನೋಡಲು ಹುಳುವಿನ ಹಾಗೇ ಇರುತ್ತವೆ. ಬಾಯಿಗೆ ಹೊಗೆ ಬಿಡದೆ ಬರೀ ಬೀಜ ಸುಟ್ಟು ನೀರಿಗೆ ಹಾಕಿದರೂ ಹುಳು ಬರುತ್ತವೆ, ಕೇಳಿ ನೋಡಿ, ಮಾಡಿ ತೋರಿಸುವುದಿಲ್ಲ.

ನಿಮಗೆ ಎರಡು ವಾರ ಚೆನ್ನಾಗಿ ಉಜ್ಜಿ, ಸೀಬೆ ನೀರು ಮುಕ್ಕಳಿಸಿ, ನಾಲಿಗೆ ಹೆರೆದರೂ ರಕ್ತ ನಿಲ್ಲದಿದ್ದರೆ ಸ್ಕೇಲಿಂಗ್, ಅಂದರೆ ಕಿಟ್ಟ ತೆಗೆಯುವ ಕ್ಲೀನಿಂಗ್, ಮಾಡಿಸಿ. ಕಿಟ್ಟ ತೆಗೆಸಿದರೆ ಹಲ್ಲು ಅಲ್ಲಾಡುತ್ತೆ ಅನ್ನುವ ಮಾತು ನಂಬಬೇಡಿ, ಕಿಟ್ಟದ ಕೆಳಗೆ ಮೂಳೆ ಆಗಲೇ ಕರಗಿದ್ದರೆ ಅಲ್ಲಾಟ ಆಗ ಕಾಣುತ್ತದೆ, ಅಷ್ಟೇ. ಒಮ್ಮೆ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆಯೂ ಆಗಲಿ, ಅದು ಇದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಮಗನ ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಅಂದರೆ ಅದು ಕೀವು ಹರಡುತ್ತಿರುವ ಗುರುತು. ಆಗ ಕಷಾಯ, ಶಾಖ, ಮೆಡಿಕಲ್ ಶಾಪಿನ ಮಾತ್ರೆ ಯಾವುದಕ್ಕೂ ಕಾಯದೆ, ರಾತ್ರಿಯಾದರೂ ಸರಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.